ಥೇಮ್ಸ್ ತೀರದಲ್ಲಿ ಒಂದು ಹಗಲು

ವಿಜಾಪುರ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ೩೩ ವರ್ಷಗಳ ಕಾಲ ಹುಡುಗರಿಗೆ ಸಂಸ್ಕೃತವನ್ನೂ ಇಂಗ್ಲಿಷನ್ನೂ ಕಲಿಸಿ ನಿವೃತ್ತನಾದ ತರುವಾಯ, ಲಂಡನ್ನಿನಲ್ಲಿ ಸಂಸಾರ ಹೂಡಿರುವ ಮಗಳ ಮಾತನ್ನು ಮೀರಲಾರದೆ, ಕಳೆದ ಬೇಸಗೆಯಲ್ಲಿ ಆ ಪಟ್ಟಣಕ್ಕೆ ಹೋಗಿ ಮೂರು ತಿಂಗಳು ಇದ್ದು ಬಂದೆನು. ಅರಮನೆ, ದೊಡ್ಡ ಗಡಿಯಾರ, ಆಕಾಶವನ್ನು ಮುಟ್ಟುವಂತಹ ತಿರುಗುಗಾಲಿ ಮುಂತಾದವುಗಳನ್ನು ಅಳಿಯಂದಿರು ಮೊದಲ ವಾರದಲ್ಲಿಯೇ ತೋರಿಸಿ ಮುಗಿಸಿದರು. ಅವುಗಳ ವರ್ಣನೆಯನ್ನು ವಾಚಕರು ಬೇರೆಡೆ ಬೇಕಾದಷ್ಟು ಓದಿರುವರು. ನಾನು ಇಲ್ಲಿ ಹೇಳಬೇಕೆಂದಿರುವುದು ಮೊಮ್ಮಗಳೊಡನೆ ಥೇಮ್ಸ್ ನದಿಯ ದಡ ಹಿಡಿದು ಕಳೆದ ಒಂದೇ ಒಂದು ಹಗಲಿನ ಸಂಗತಿಯನ್ನು. ಆದರೆ ಅದಕ್ಕೆ ಮೊದಲು, ನನ್ನ ಮೇಲಿದ್ದ ಒಂದು ಹಳೆಯ ಋಣದ ಮಾತನ್ನು ಹೇಳದಿದ್ದರೆ, ಈ ಮುದುಕನು ಅರಮನೆಗಳನ್ನು ಬಿಟ್ಟು ಹಳೆಯ ಕಚೇರಿಗಳ ನಿವೇಶನಗಳನ್ನೂ ಹಡಗುಕಟ್ಟೆಗಳನ್ನೂ ಏಕೆ ಹುಡುಕಿಕೊಂಡು ಹೋದನೆಂಬುದು ತಿಳಿಯಲಾರದು.

ಅದು ೧೯೯೭ನೆಯ ಇಸವಿ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ಹಿನ್ನೀರಿನಲ್ಲಿ ಮುಳುಗಲಿದ್ದ ಹಳ್ಳಿಯೊಂದರಿಂದ ಒಬ್ಬ ಹುಡುಗನು ನಮ್ಮ ಶಾಲೆಗೆ ನಡೆದು ಬರುತ್ತಿದ್ದನು. ಇಂಗ್ಲಿಷ್ ತಾಸಿನಲ್ಲಿ ನಾನು ಷೇಕ್ಸ್‌ಪಿಯರ್ ಮಹಾಕವಿಯ ‘ಟೆಂಪೆಸ್ಟ್’ ನಾಟಕದ ಕಥೆಯನ್ನು, ಲ್ಯಾಮ್ ಎಂಬ ಗ್ರಂಥಕರ್ತನ ಹೆಸರಿನಲ್ಲಿರುವ ಮಕ್ಕಳ ಗದ್ಯಪುಸ್ತಕದಿಂದ ಓದಿಸುತ್ತಿದ್ದೆನು. ನಮ್ಮ ಕುವೆಂಪು ಅವರು ೧೯೩೦ರಲ್ಲಿ ‘ಬಿರುಗಾಳಿ’ ಎಂದು ಕನ್ನಡಕ್ಕೆ ತಂದದ್ದು ಇದೇ ನಾಟಕವನ್ನು. ರಾಜ್ಯವನ್ನು ಕಳೆದುಕೊಂಡ ಪ್ರಾಸ್ಪೆರೋ ಎಂಬ ಪ್ರಭುವು ಎಳೆಯ ಮಗಳೊಡನೆ ಒಂದು ದ್ವೀಪವನ್ನು ಸೇರಿ, ತನ್ನ ಮಂತ್ರವಿದ್ಯೆಯ ಬಲದಿಂದ ಅಲ್ಲಿನ ಭೂತಗಳನ್ನೂ ಕ್ಯಾಲಿಬಾನ್ ಎಂಬ ವಿಕಾರರೂಪಿಯನ್ನೂ ಊಳಿಗಕ್ಕೆ ಇಟ್ಟುಕೊಂಡನೆಂಬುದು ಕಥೆ. ಪರೀಕ್ಷೆಯಲ್ಲಿ ‘ಆ ದ್ವೀಪದ ಒಡೆಯನು ಯಾರು?’ ಎಂದು ಒಂದು ಅಂಕದ ಪ್ರಶ್ನೆಯನ್ನು ಕೊಟ್ಟೆನು. ಎಲ್ಲರೂ ಪ್ರಾಸ್ಪೆರೋ ಎಂದು ಬರೆದರು. ಇವನೊಬ್ಬನು ಕ್ಯಾಲಿಬಾನ್ ಎಂದು ಬರೆದನು. ನಾನು ಸೊನ್ನೆ ಹಾಕಿದೆನು.

ಉತ್ತರಪತ್ರಿಕೆ ಹಿಡಿದುಕೊಂಡು ಬಂದು ಅವನು ಕೇಳಿದನು: “ಮೊದಲಿಂದ ಅಲ್ಲಿ ಇದ್ದಾಂವ ಅವನೇ ಅಲ್ಲೇನ್ರೀ ಗುರುಗಳೇ?”

“ಪುಸ್ತಕದಾಗ ಇದ್ದದ್ದನ್ನ ಬರಿ. ಇಲ್ಲದ್ದನ್ನ ಬರೀಬ್ಯಾಡ,” ಎಂದು ಗದರಿಸಿ ಕಳುಹಿಸಿದೆನು.

ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಅವನ ಊರಿನವರು ಗಂಟುಮೂಟೆ ಕಟ್ಟಿ ಎತ್ತರದ ನೆಲಕ್ಕೆ ಹೋದರು. ಐದಾರು ವರ್ಷಗಳ ಬಳಿಕ ಧಾರವಾಡದ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಷೇಕ್ಸ್‌ಪಿಯರನ ಸಮಗ್ರ ನಾಟಕಗಳು ಅಗ್ಗಕ್ಕೆ ಸಿಕ್ಕಿದವು. ಮೂಲ ನಾಟಕವನ್ನು ನಾನು ಓದಿದ್ದು ಆಗಲೇ. ಮೊದಲನೆಯ ಅಂಕದಲ್ಲಿಯೇ ಕ್ಯಾಲಿಬಾನನು ಪ್ರಾಸ್ಪೆರೋವಿನ ಎದುರು ನಿಂತು, ಈ ದ್ವೀಪವು ತನ್ನ ತಾಯಿಯಿಂದ ತನಗೆ ಬಂದದ್ದೆಂದೂ, ನೀನು ಅದನ್ನು ನನ್ನಿಂದ ಕಿತ್ತುಕೊಂಡೆಯೆಂದೂ ಸ್ಪಷ್ಟವಾಗಿ ಹೇಳುವನು. ಲ್ಯಾಮ್‌ರ ಕಥೆಯಲ್ಲಿ ಈ ಮಾತೇ ಇಲ್ಲ. ಮೂಲವನ್ನು ಓದದ ಹುಡುಗನು ಮೂಲದಲ್ಲಿದ್ದುದನ್ನು ಬರೆದಿದ್ದನು. ಗುರುವೆನಿಸಿಕೊಂಡ ನಾನೂ ಮೂಲವನ್ನು ಓದಿರಲಿಲ್ಲ. ಆದರೆ ಸೊನ್ನೆ ಹಾಕುವ ಅಧಿಕಾರವು ನನ್ನ ಕೈಯಲ್ಲಿತ್ತು. ಮೂಲವನ್ನು ಬಿಟ್ಟು ಟೀಕೆಯನ್ನು ಹಿಡಿದವನ ಕಿವಿಯನ್ನು ನಮ್ಮ ಪಾಠಶಾಲೆಯ ಶಾಸ್ತ್ರಿಗಳು ಹೇಗೆ ಹಿಂಡುತ್ತಿದ್ದರೆಂಬುದು ಆ ದಿನ ನೆನಪಾಯಿತು.

ಇನ್ನು ಪ್ರಯಾಣದ ಮಾತಿಗೆ ಬರುವೆನು. ನನ್ನ ಜತೆಗೆ ಬಂದವಳು ಹನ್ನೆರಡು ವರ್ಷದ ಮೊಮ್ಮಗಳು. ದಾರಿಯನ್ನು ಅವಳ ಕೈಯಲ್ಲಿನ ಮೊಬೈಲು ತೋರಿಸುತ್ತಿತ್ತು. ಇತಿಹಾಸವನ್ನು ನಾನು ಹೇಳಬೇಕೆಂದು ಒಪ್ಪಂದ. ನಾವು ಮೊದಲು ಇಳಿದದ್ದು ಟೆಂಪಲ್ ಎಂಬ ನಿಲ್ದಾಣದಲ್ಲಿ. ಹೆಸರು ಕೇಳಿ ದೇವಾಲಯವೆಂದು ಭ್ರಮಿಸಬಾರದು. ಜೆರೂಸಲೇಮಿನ ದೇವಾಲಯದ ಹೆಸರನ್ನು ಧರಿಸಿದ್ದ ಕ್ರೈಸ್ತ ಯೋಧಸಂನ್ಯಾಸಿಗಳ ಮಠವು ಪೂರ್ವದಲ್ಲಿ ಇಲ್ಲಿತ್ತು. ೧೧೮೫ರಲ್ಲಿ ಪ್ರತಿಷ್ಠೆಯಾದ ಅವರ ದುಂಡನೆಯ ಇಗರ್ಜಿಯು ಈಗಲೂ ಉಂಟು. ಸಂನ್ಯಾಸಿಗಳು ಹೋದ ಮೇಲೆ ಆ ಜಾಗವು ವಕೀಲರದಾಯಿತು. ಇನ್ನರ್ ಟೆಂಪಲ್, ಮಿಡ್ಲ್ ಟೆಂಪಲ್ ಎಂದು ಅಕ್ಕಪಕ್ಕದಲ್ಲಿ ಎರಡು ವಕೀಲಮಠಗಳು. ನ್ಯಾಯಶಾಸ್ತ್ರದ ಶಿಷ್ಯರು ಇಲ್ಲಿ ಸಹಪಂಕ್ತಿಯಲ್ಲಿ ಊಟ ಮಾಡಿ ವಿದ್ಯೆ ಕಲಿಯಬೇಕೆಂಬುದು ಸಂಪ್ರದಾಯ. ನಮ್ಮ ಗುರುಕುಲದ ವಾಸನೆ ಇದರಲ್ಲಿ ಇಲ್ಲದಿಲ್ಲ. ಗಾಂಧೀಜಿಯವರು ೧೮೯೧ರಲ್ಲಿ ಬ್ಯಾರಿಸ್ಟರರಾದದ್ದು ಇನ್ನರ್ ಟೆಂಪಲಿನಿಂದ. ಅದೇ ಮಠವು ೧೯೨೨ರಲ್ಲಿ ಅವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ, ೧೯೮೮ರಲ್ಲಿ ಮರಳಿ ಸೇರಿಸಿತು. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ೪೦ ವರ್ಷವಾಗಿದ್ದಿತು.

ನಾವು ಮುಂಚಿತವಾಗಿ ಅಪ್ಪಣೆ ಪಡೆದು ನೋಡಿದ್ದು ಮಿಡ್ಲ್ ಟೆಂಪಲಿನ ಸಭಾಮಂದಿರವನ್ನು. ಎಲಿಜಬೆತ್ ರಾಣಿಯ ಕಾಲದಲ್ಲಿ ಕಟ್ಟಿದ, ಸುಮಾರು ೧೦೦ ಅಡಿ ಉದ್ದದ ಆ ಮಂದಿರದ ಮೇಲ್ಛಾವಣಿಯನ್ನು ಓಕ್ ಮರದ ತೊಲೆಗಳು ಎರಡು ಅಂತಸ್ತಾಗಿ ಎತ್ತಿ ಹಿಡಿದಿರುವವು. ಕತ್ತೆತ್ತಿ ನೋಡಿದರೆ ತಲೆಕೆಳಗಾದ ಹಡಗಿನೊಳಗೆ ನಿಂತಂತೆ ತೋರುವುದು. ಈ ಮಂದಿರಕ್ಕೂ ಹಡಗುಗಳಿಗೂ ಇರುವ ನಂಟು ಬರಿಯ ಉಪಮಾಲಂಕಾರವಲ್ಲ. ೧೫೭೭ರಿಂದ ೧೫೮೦ರವರೆಗೆ ಭೂಪ್ರದಕ್ಷಿಣೆ ಮಾಡಿ ಬಂದ ಡ್ರೇಕ್ ಎಂಬ ನಾವಿಕನ ‘ಗೋಲ್ಡನ್ ಹೈಂಡ್’ ಹಡಗಿನ ಹಲಗೆಯಿಂದ ಮಾಡಿದ್ದೆಂದು ಪ್ರತೀತಿಯಿರುವ ಮೇಜೊಂದು ಅಲ್ಲಿದೆ. ಹೊಸ ಬ್ಯಾರಿಸ್ಟರರು ಅದರ ಮುಂದೆ ನಿಂತು ರುಜು ಹಾಕುವರು. ಡ್ರೇಕನು ೧೫೮೬ರ ಆಗಸ್ಟಿನಲ್ಲಿ ಈ ಮಂದಿರಕ್ಕೆ ಬಂದಾಗ ಭಾರಿ ಸನ್ಮಾನವಾಯಿತು. ಅದಕ್ಕೆ ಕೆಲವೇ ದಿನ ಮೊದಲು ಅವನು ಅಮೆರಿಕದ ರೋನೋಕ್ ದ್ವೀಪದಿಂದ, ಅಲ್ಲಿ ಬಾಳಲಾರದೆ ಕಂಗೆಟ್ಟಿದ್ದ ಇಂಗ್ಲಿಷ್ ವಸಾಹತುಗಾರರನ್ನು ಹಡಗಿಗೆ ಹತ್ತಿಸಿಕೊಂಡು ತಂದಿದ್ದನು. ಅವರನ್ನು ಅಲ್ಲಿಗೆ ಕಳುಹಿಸಿದ ರ‍್ಯಾಲಿಯೂ ಇದೇ ಮಠದವನು. ೧೫೮೭ರಲ್ಲಿ ಅಲ್ಲಿಗೆ ಮತ್ತೆ ಹೆಂಗಸರು ಮಕ್ಕಳ ಸಹಿತ ಜನರು ಹೋದರು. ಮೂರು ವರ್ಷದ ಮೇಲೆ ಹೋಗಿ ನೋಡಿದರೆ ಒಬ್ಬರೂ ಇಲ್ಲ. ಕಂಬದ ಮೇಲೆ ಕೆತ್ತಿದ ಒಂದು ಶಬ್ದ ಮಾತ್ರ ಉಳಿದಿತ್ತು.

ಇದೇ ಮಠದ ಒಬ್ಬ ವಕೀಲರ ಕೋಣೆಗೆ ಅವರ ಸೋದರಸಂಬಂಧಿಯಾದ ಹ್ಯಾಕ್ಲೂಟ್ ಎಂಬ ಶಾಲಾಬಾಲಕನು ಒಂದು ದಿನ ಬಂದು, ಮೇಜಿನ ಮೇಲೆ ಹರಡಿದ್ದ ಭೂಪಟವನ್ನು ಕಂಡನು. ವಕೀಲರು ಕೋಲು ಹಿಡಿದು ಸಮುದ್ರಗಳನ್ನೂ ದ್ವೀಪಗಳನ್ನೂ ತೋರಿಸಿದರು. ಆ ಒಂದು ಗಳಿಗೆಯ ಪಾಠದಿಂದ ಹುಡುಗನ ಬಾಳಿನ ದಾರಿಯೇ ನಿಶ್ಚಯವಾಯಿತು. ಮುಂದೆ ಅವನು ಇಂಗ್ಲಿಷರ ಸಮುದ್ರಯಾನಗಳ ವೃತ್ತಾಂತಗಳನ್ನೆಲ್ಲ ಸಂಗ್ರಹಿಸಿ ಬೃಹದ್ಗ್ರಂಥವನ್ನು ಅಚ್ಚುಹಾಕಿಸಿದನು. ನಮ್ಮ ಸೀಮೆಯವರು ಆ ಗ್ರಂಥವನ್ನು ನೋಡಲು ಒಂದು ಕಾರಣವುಂಟು. ರಾಲ್ಫ್ ಫಿಚ್ ಎಂಬ ಲಂಡನ್ನಿನ ಚರ್ಮದ ವ್ಯಾಪಾರಿಯು ೧೫೮೩ರಲ್ಲಿ ‘ಟೈಗರ್’ ಎಂಬ ಹಡಗನ್ನು ಹತ್ತಿ ಸಿರಿಯಾ ದೇಶದ ಅಲೆಪ್ಪೋ ಮಾರ್ಗವಾಗಿ ಹೊರಟು, ಗೋವೆಯಲ್ಲಿ ಪೋರ್ತುಗೀಜರ ಸೆರೆ ಕಂಡು, ಅಲ್ಲಿಂದ ತಪ್ಪಿಸಿಕೊಂಡು ೧೫೮೪ರಲ್ಲಿ ಬೆಳಗಾವಿಗೂ ವಿಜಾಪುರಕ್ಕೂ ಬಂದನು. ಬೆಳಗಾವಿಯ ರತ್ನದ ಪೇಟೆ, ವಿಜಾಪುರದ ಎತ್ತರದ ಕಲ್ಲುಮನೆಗಳು, ಯುದ್ಧದ ಆನೆಗಳು, ತೋಪುಗಳಲ್ಲಿನ ಹಸು, ಕೋತಿ, ನವಿಲುಗಳ ಆಕಾರದ ಮೂರ್ತಿಗಳು ಇವೆಲ್ಲ ಅವನ ಬರೆಹದಲ್ಲಿ ಬಂದಿವೆ. ಆಗ ಸಿಂಹಾಸನದಲ್ಲಿದ್ದವನು, ಮುಂದೆ ಸಂಗೀತಪ್ರಿಯನೆಂದು ಹೆಸರಾದ ಎರಡನೆಯ ಇಬ್ರಾಹಿಂ ಆದಿಲಶಾಹ, ಇನ್ನೂ ಬಾಲಕ. ಷೇಕ್ಸ್‌ಪಿಯರನು ‘ಮ್ಯಾಕ್‌ಬೆತ್’ ನಾಟಕದಲ್ಲಿ ಒಬ್ಬ ಮಾಟಗಾತಿಯ ಬಾಯಿಂದ, ಟೈಗರ್ ಹಡಗಿನ ಯಜಮಾನನೊಬ್ಬನು ಅಲೆಪ್ಪೋಗೆ ಹೋದ ಮಾತನ್ನು ಆಡಿಸಿರುವನು. ಷೇಕ್ಸ್‌ಪಿಯರನ ಪಂಕ್ತಿಯಲ್ಲಿನ ಆ ಹಡಗಿನ ಹೆಸರು ನಮ್ಮ ಗೋಲಗುಮ್ಮಟದ ಊರಿನವರೆಗೆ ಬಂದ ಮನುಷ್ಯನ ಹಡಗಿನದೇ ಎಂದು ಮೊಮ್ಮಗಳಿಗೆ ಹೇಳಿದಾಗ ನನಗೇ ರೋಮಾಂಚವಾಯಿತು. ಅವಳು, “ಆಗ ಗೋಲಗುಮ್ಮಟ ಇತ್ತೇನಜ್ಜಾ?” ಎಂದು ಕೇಳಿದಳು. ಇರಲಿಲ್ಲ, ಅದನ್ನು ಕಟ್ಟಿದ್ದು ಇಬ್ರಾಹಿಮನ ಮಗನ ಕಾಲದಲ್ಲಿ. ಉಪಾಧ್ಯಾಯರಾದವರು ಮೊಮ್ಮಕ್ಕಳ ಮುಂದೆ ಎಚ್ಚರದಿಂದ ಮಾತನಾಡಬೇಕು.

ಈ ಮಂದಿರದಲ್ಲಿಯೇ ೧೬೦೨ನೆಯ ಫೆಬ್ರುವರಿ ೨ರಂದು, ಹಬ್ಬದ ಊಟದ ತರುವಾಯ, ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕವನ್ನು ಆಡಿದರು. ಹಾಗೆಂದು ಒಬ್ಬ ವಿದ್ಯಾರ್ಥಿಯು ತನ್ನ ದಿನಚರಿಯಲ್ಲಿ ಬರೆದಿಟ್ಟುದರಿಂದ ನಮಗೆ ತಿಳಿಯಿತು. ಮಂದಿರದ ಒಂದು ತುದಿಗೆ ಆಳೆತ್ತರದ ಕೆತ್ತನೆಯ ಮರದ ತೆರೆಗೋಡೆಯುಂಟು. ಅದರಲ್ಲಿನ ಬೊಂಬೆಗಳನ್ನು ಬೆರಗಿನಿಂದ ನೋಡುತ್ತಿದ್ದಾಗ ಅಲ್ಲಿನ ಮಾರ್ಗದರ್ಶಿಯಾದ ವೃದ್ಧ ಮಹಿಳೆಯು, ೧೯೪೦ನೆಯ ಅಕ್ಟೋಬರಿನ ಒಂದು ರಾತ್ರಿ ಜರ್ಮನರ ಸಿಡಿಗುಂಡಿನಿಂದ ಗೋಡೆ ಕುಸಿದು ಈ ತೆರೆಯು ಚೂರುಚೂರಾಯಿತೆಂದೂ, ಆ ಚೂರುಗಳನ್ನು ಆರಿಸಿಟ್ಟು ಯುದ್ಧ ಮುಗಿದ ಮೇಲೆ ಕೂಡಿಸಿದರೆಂದೂ ಹೇಳಿದಳು. ಹತ್ತಿರ ಹೋಗಿ ಕಣ್ಣಿಟ್ಟು ನೋಡಿದೆನು. ಜೋಡಣೆಯ ಗೆರೆ ನನಗೆ ಕಾಣಲಿಲ್ಲ.

ಇನ್ನೊಂದು ಮಾತು. ಸಂಸ್ಕೃತ ಕಲಿತವನು ಮಿಡ್ಲ್ ಟೆಂಪಲಿಗೆ ಹೋಗಿ ವಿಲಿಯಂ ಜೋನ್ಸರನ್ನು ನೆನೆಯದಿದ್ದರೆ ಕೃತಘ್ನನಾಗುವನು. ಇಲ್ಲಿಂದಲೇ ವಕೀಲರಾಗಿ, ೧೭೮೩ರಲ್ಲಿ ಕಲಕತ್ತೆಯ ನ್ಯಾಯಾಧೀಶರಾಗಿ ಬಂದು, ಪಂಡಿತರ ಬಳಿ ಕುಳಿತು ಸಂಸ್ಕೃತ ಕಲಿತು, ೧೭೮೯ರಲ್ಲಿ ಕಾಳಿದಾಸನ ಶಾಕುಂತಲವನ್ನು ಇಂಗ್ಲಿಷಿಗೆ ತಂದ ಮಹನೀಯರು ಅವರು. ಯುರೋಪು ಕಾಳಿದಾಸನನ್ನು ಅರಿತದ್ದು ಆ ಪುಸ್ತಕದಿಂದ. ಆದರೆ ಅವರೂ ತಮ್ಮ ದೇಶದವರ ಸಂಕೋಚಕ್ಕೆ ಅಂಜಿ ಶೃಂಗಾರದ ಕೆಲವು ವರ್ಣನೆಗಳನ್ನು ಮೆತ್ತಗೆ ಮಾಡಿದರು. ನಗುವ ಅಧಿಕಾರ ನನಗಿಲ್ಲ. ಹತ್ತನೆಯ ತರಗತಿಗೆ ಶಾಕುಂತಲವನ್ನು ಹೇಳುವಾಗ ಮೂರನೆಯ ಅಂಕವನ್ನು ನಾನೂ ‘ಇದು ಪರೀಕ್ಷೆಗೆ ಬರುವುದಿಲ್ಲ’ ಎಂದು ದಾಟಿಸುತ್ತಿದ್ದೆನು.

ಅಲ್ಲಿಂದ ಹೊರಬಿದ್ದು ಐದಾರು ನಿಮಿಷ ನಡೆದರೆ ಆಲ್ಡ್‌ವಿಚ್ ಬೀದಿ. ಅಲ್ಲಿ ಈಗ ನೊವೆಲ್ಲೊ ಎಂದು ಕರೆಯುವ ನಾಟಕಶಾಲೆಗೆ ಯುದ್ಧಕಾಲದಲ್ಲಿ ಸ್ಟ್ರಾಂಡ್ ಥಿಯೇಟರ್ ಎಂದು ಹೆಸರಿತ್ತು. ೧೯೪೦ನೆಯ ಶರತ್ಕಾಲದಲ್ಲಿ ರಾತ್ರಿಯಾಯಿತೆಂದರೆ ಬಾಂಬುಗಳು. ಲಂಡನ್ನಿನ ನಾಟಕಶಾಲೆಗಳೆಲ್ಲ ಹೆಚ್ಚುಕಡಮೆ ಬಾಗಿಲು ಹಾಕಿದ್ದವು. ಆಗ ಡೊನಾಲ್ಡ್ ವುಲ್ಫಿಟ್ ಎಂಬ ನಟನು ಈ ಶಾಲೆಯಲ್ಲಿ ಮಧ್ಯಾಹ್ನದ ಊಟದ ವೇಳೆಗೆ ಷೇಕ್ಸ್‌ಪಿಯರನ ನಾಟಕಗಳಿಂದ ಆಯ್ದ ದೃಶ್ಯಗಳನ್ನು ಆಡತೊಡಗಿದನು. ಕಚೇರಿಯ ಗುಮಾಸ್ತರೂ ಅಂಗಡಿಯ ಹೆಣ್ಣುಮಕ್ಕಳೂ ರೊಟ್ಟಿಯ ಪೊಟ್ಟಣ ಹಿಡಿದು ಬಂದು ನೋಡುತ್ತಿದ್ದರು. ನಾಟಕಶಾಲೆಗೇ ಪೆಟ್ಟು ಬಿದ್ದ ಮೇಲೂ ಅವನು ಆಟವನ್ನು ನಿಲ್ಲಿಸಲಿಲ್ಲ. ಅದೇ ವರ್ಷ ಸಿಬಿಲ್ ಥಾರ್ನ್‌ಡೈಕ್ ಎಂಬ ಹೆಸರಾಂತ ನಟಿಯು ಗಂಡನೊಡನೆ ವೇಲ್ಸ್ ಸೀಮೆಯ ಕಲ್ಲಿದ್ದಲ ಗಣಿಯ ಊರುಗಳಿಗೆ ‘ಮ್ಯಾಕ್‌ಬೆತ್’ ನಾಟಕವನ್ನು ಕೊಂಡೊಯ್ದಳು. ನಮ್ಮ ಕಡೆ ಸುಗ್ಗಿಯಾದ ಮೇಲೆ ಹಳ್ಳಿಯಿಂದ ಹಳ್ಳಿಗೆ ಹೋಗುವ ಆಟದ ಮೇಳದವರು ನನಗೆ ನೆನಪಾದರು. ಇವರಿಗೆ ಸುಗ್ಗಿ ಮಾತ್ರ ಇರಲಿಲ್ಲ.

ಯುದ್ಧಕಾಲದ ನಾಟಕವೆಂದರೆ ಲಾರೆನ್ಸ್ ಒಲಿವಿಯೆ ತೆಗೆದ ‘ಐದನೆಯ ಹೆನ್ರಿ’ ಚಲಚ್ಚಿತ್ರವನ್ನು ಬಿಡುವಂತಿಲ್ಲ. ಇಂಗ್ಲಂಡಿನಲ್ಲಿ ಯುದ್ಧವಿದ್ದುದರಿಂದ, ಚಿತ್ರದೊಳಗಿನ ಯುದ್ಧವನ್ನು ತೆಗೆಯಲು ೧೯೪೩ರಲ್ಲಿ ತಟಸ್ಥವಾಗಿದ್ದ ಐರ್ಲೆಂಡಿಗೆ ಹೋಗಬೇಕಾಯಿತು! ೧೯೪೪ರ ನವೆಂಬರಿನಲ್ಲಿ ಹೊರಬಂದ ಆ ಚಿತ್ರವನ್ನು ಬ್ರಿಟನ್ನಿನ ಛತ್ರೀಸೈನಿಕರಿಗೂ ಕಮಾಂಡೊಗಳಿಗೂ ಅರ್ಪಿಸಿರುವರು. ಅಳಿಯಂದಿರು ಅದನ್ನು ಮನೆಯಲ್ಲಿಯೇ ತೋರಿಸಿದರು. ನಾನು ಮೂಲವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದೆನು. ಈಗ ಇದು ನನಗೆ ಚಟವಾಗಿದೆ. ಅರ‍್ಫ್ಲರ್ ಪಟ್ಟಣದ ಬಾಗಿಲಲ್ಲಿ ನಿಂತು ಹೆನ್ರಿಯು, ಶರಣಾಗದಿದ್ದರೆ ನಿಮ್ಮ ಮುದುಕರಿಗೂ ಹಸುಗೂಸುಗಳಿಗೂ ಏನಾಗುವುದೆಂದು ಹೆದರಿಸುವ ಭಯಂಕರ ಭಾಷಣವು ಚಿತ್ರದಲ್ಲಿಲ್ಲ. ಸೆರೆಯಾಳುಗಳನ್ನು ಕೊಲ್ಲಿಸುವ ಅಪ್ಪಣೆಯೂ ಇಲ್ಲ. ಹಿಟ್ಲರನು ಪಟ್ಟಣಗಳಿಗೆ ಹಾಗೆಯೇ ಮಾಡುತ್ತಿದ್ದಾಗ, ತಮ್ಮ ವೀರರಾಜನ ಬಾಯಲ್ಲಿ ಆ ಮಾತುಗಳನ್ನು ಕೇಳಲು ಯಾರಿಗೆ ಮನಸ್ಸು ಬಂದೀತು? ಚಿತ್ರ ಚೆನ್ನಾಗಿದೆ. ಷೇಕ್ಸ್‌ಪಿಯರನು ಮಾತ್ರ ಎರಡನ್ನೂ ಬರೆದಿದ್ದನು.

ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತು ಸೇಂಟ್ ಪಾಲ್ ಇಗರ್ಜಿಯ ಬಳಿ ಹಾದುಹೋದೆವು. ಅದರ ಪಕ್ಕದ ಪ್ಯಾಟರ್‌ನಾಸ್ಟರ್ ಓಣಿಯ ಹೆಸರನ್ನು ನಾನು ಬಾಲ್ಯದಿಂದ ಬಲ್ಲೆನು. ನಮ್ಮ ತಂದೆಯವರ ಪೆಟ್ಟಿಗೆಯಲ್ಲಿದ್ದ ಇಂಗ್ಲಿಷ್ ವ್ಯಾಕರಣದ ಮೊದಲ ಪುಟದಲ್ಲಿ ಪ್ರಕಾಶಕರ ವಿಳಾಸವಾಗಿ ಆ ಹೆಸರು ಅಚ್ಚಾಗಿತ್ತು. ೧೯೪೦ನೆಯ ಡಿಸೆಂಬರ್ ೨೯ರ ರಾತ್ರಿ ಆ ಓಣಿಯ ಪುಸ್ತಕದ ಗೋದಾಮುಗಳಿಗೆ ಬೆಂಕಿ ಬಿದ್ದು ಸುಮಾರು ೫೦ ಲಕ್ಷ ಗ್ರಂಥಗಳು ಬೂದಿಯಾದವು. ಇಗರ್ಜಿಯು ಉಳಿಯಿತು. ಆ ವ್ಯಾಕರಣದ ಒಂದು ಪ್ರತಿಯೂ ಗೆದ್ದಲಿನಿಂದ ತಪ್ಪಿಸಿಕೊಂಡು ನಮ್ಮ ಮನೆಯಲ್ಲಿ ಉಳಿದಿದೆ.

ಲೆಡನ್‌ಹಾಲ್ ಬೀದಿಯಲ್ಲಿ ಇಳಿದೆವು. ಕೊಳವೆಗಳನ್ನೂ ಏಣಿಗಳನ್ನೂ ಮೈಮೇಲೆ ಹೊತ್ತುಕೊಂಡ, ೧೯೮೬ರಲ್ಲಿ ತೆರೆದ ಲಾಯ್ಡ್ಸ್ ಎಂಬ ವಿಮಾವ್ಯಾಪಾರದ ಉಕ್ಕಿನ ಸೌಧವು ಅಲ್ಲಿ ನಿಂತಿದೆ. ಈಸ್ಟ್ ಇಂಡಿಯಾ ಕಂಪನಿಯ ಪ್ರಧಾನ ಕಚೇರಿ ಇದ್ದದ್ದು ಇದೇ ನಿವೇಶನದಲ್ಲಿ. ೧೬೦೦ನೆಯ ಡಿಸೆಂಬರ್ ೩೧ರಂದು ರಾಣಿಯ ಸನ್ನದು ಪಡೆದ ವರ್ತಕರ ಕೂಟವು, ನಮ್ಮ ದೇಶವನ್ನು ಆಳಿದ್ದು ಇಲ್ಲಿಂದ. ೧೮೬೧ರಲ್ಲಿ ಕಚೇರಿಯನ್ನು ಕೆಡವಿದರು. ಟಿಪ್ಪು ಸುಲ್ತಾನನ ಮರದ ಹುಲಿ, ಈಗ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವುದು, ೧೮೦೮ರಿಂದ ಇಲ್ಲಿಯೇ ಪ್ರದರ್ಶನಕ್ಕಿತ್ತು. ಅದೇ ಮಾಳಿಗೆಯ ಲೆಕ್ಕಪತ್ರದ ವಿಭಾಗದಲ್ಲಿ ೧೭೯೨ರಿಂದ ೧೮೨೫ರವರೆಗೆ, ಸರಿಯಾಗಿ ೩೩ ವರ್ಷ, ಲೇಖನಿ ಸವೆಸಿದ ಗುಮಾಸ್ತನೇ ಚಾರ್ಲ್ಸ್ ಲ್ಯಾಮ್. ನನ್ನ ನೌಕರಿಯೂ ೩೩ ವರ್ಷ! ಹಗಲೆಲ್ಲ ಚಹ, ನೀಲಿ, ರೇಷ್ಮೆಗಳ ಜಮಾಖರ್ಚು, ರಾತ್ರಿ ಸಾಹಿತ್ಯ. ೧೭೯೬ರಲ್ಲಿ ಅವನ ಅಕ್ಕ ಮೇರಿಯು ಚಿತ್ತಭ್ರಮೆಯಿಂದ ಹೆತ್ತ ತಾಯಿಯನ್ನೇ ಚೂರಿಯಿಂದ ಇರಿದು ಕೊಂದಳು. ೨೧ ವರ್ಷದ ತಮ್ಮನು ಅವಳನ್ನು ಜೀವಮಾನವೆಲ್ಲ ತಾನು ನೋಡಿಕೊಳ್ಳುವೆನೆಂದು ಹೊಣೆಹೊತ್ತು, ಮದುವೆಯಾಗದೆ, ಹಾಗೆಯೇ ನಡೆದುಕೊಂಡನು. ೧೮೦೭ರಲ್ಲಿ ಹೊರಬಂದ ಷೇಕ್ಸ್‌ಪಿಯರ್ ಕಥೆಗಳು ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತು ಬರೆದವು. ೨೦ ಕಥೆಗಳಲ್ಲಿ ದುಃಖಾಂತದ ಆರು ಮಾತ್ರ ತಮ್ಮನವು. ಉಳಿದ ೧೪ ಅಕ್ಕನವು. ಆದರೂ ಮೊದಲ ಮುದ್ರಣದಲ್ಲಿ ಅಕ್ಕನ ಹೆಸರನ್ನೇ ಹಾಕಲಿಲ್ಲ. ಪುಸ್ತಕದ ಮೊದಲ ಕಥೆಯಾದ ‘ಟೆಂಪೆಸ್ಟ್’ ಮೇರಿಯದು.

ಕ್ಯಾಲಿಬಾನನ ಮಾತನ್ನು ಬಿಟ್ಟವಳು ಇವಳೇ. ಇವಳ ಮೇಲೆ ಕೋಪ ತಾಳಬೇಕೆಂದು ಬಂದಿದ್ದ ನನಗೆ ಆ ಬೀದಿಯಲ್ಲಿ ಕೋಪವೇ ಹುಟ್ಟಲಿಲ್ಲ. ತನ್ನ ಹೆಸರನ್ನೇ ಪುಸ್ತಕದಿಂದ ಬಿಡಿಸಿಕೊಂಡವಳು. ಮಕ್ಕಳ ಕಥೆಗೆ ಕಹಿ ಬೇಡವೆಂದು ಬಿಟ್ಟಿರಬೇಕು. ಆದರೆ ಮನೆಯ ಅನ್ನವು ಬರುತ್ತಿದ್ದುದು ಪರರ ದ್ವೀಪಗಳ ಲೆಕ್ಕ ಬರೆಯುವ ಕಚೇರಿಯಿಂದ ಎಂಬುದನ್ನೂ ನಾನು ಮರೆಯಲಾರೆ.

ಬ್ಯಾಂಕ್ ನಿಲ್ದಾಣಕ್ಕೆ ನಡೆದು ಚಾಲಕನೇ ಇಲ್ಲದ ಪುಟ್ಟ ರೈಲನ್ನು ಹತ್ತಿದೆವು. ನಾವು ಇಳಿಯಬೇಕಾದ ನಿಲ್ದಾಣದ ಹೆಸರನ್ನು ಯಂತ್ರವೇ ಕೂಗಿ ಹೇಳಿತು: ‘ಈಸ್ಟ್ ಇಂಡಿಯಾ’. ಮೊಮ್ಮಗಳು ನಕ್ಕು, “ಅಜ್ಜಾ, ನಿಮ್ಮ ಊರು ಬಂತು!” ಎಂದಳು. ಕಂಪನಿಯ ಹಡಗುಗಳು ತಂಗುತ್ತಿದ್ದ, ೧೮೦೬ರಲ್ಲಿ ತೆರೆದ ಕಟ್ಟೆಯ ಹೆಸರು ಅದು. ಸ್ವಲ್ಪ ನಡೆದರೆ ಬ್ಲ್ಯಾಕ್‌ವಾಲ್ ದಡ. ೧೬೦೬ನೆಯ ಡಿಸೆಂಬರಿನಲ್ಲಿ ‘ಸೂಸನ್ ಕಾನ್‌ಸ್ಟಂಟ್’, ‘ಗಾಡ್‌ಸ್ಪೀಡ್’, ‘ಡಿಸ್ಕವರಿ’ ಎಂಬ ಮೂರು ಹಡಗುಗಳು ಇಲ್ಲಿಂದ ಹೊರಟು, ಮರುವರ್ಷ ಅಮೆರಿಕದಲ್ಲಿ ಜೇಮ್ಸ್‌ಟೌನ್ ಎಂಬ ನೆಲೆಯನ್ನು ಸ್ಥಾಪಿಸಿದವು. ಅದರ ಸ್ಮಾರಕವು ಈಗ ಗಾಜಿನ ಮನೆಗಳ ನಡುವೆ ನೀರಿನ ಕಡೆಗೆ ಮುಖಮಾಡಿ ನಿಂತಿದೆ. ೧೬೦೯ರಲ್ಲಿ ಆ ನೆಲೆಗೆ ಹೊರಟ ‘ಸೀ ವೆಂಚರ್’ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಬರ್ಮುಡಾ ದ್ವೀಪದ ಬಂಡೆಗೆ ಬಡಿಯಿತು. ಸುಮಾರು ೧೫೦ ಮಂದಿಯೂ ಬದುಕಿದರು. ಅಲ್ಲಿಯ ಮರದಿಂದಲೇ ಎರಡು ದೋಣಿಗಳನ್ನು ಕಟ್ಟಿ ಮರುವರ್ಷ ಜೇಮ್ಸ್‌ಟೌನ್ ಮುಟ್ಟಿದರು. ನೋಡಿದರೆ ಅಲ್ಲಿದ್ದವರಲ್ಲಿ ಬಹುಮಂದಿ ಹಸಿವೆಯಿಂದ ಸತ್ತು ಅರವತ್ತರಷ್ಟು ಜನ ಉಳಿದಿದ್ದರು. ಈ ಸುದ್ದಿ ೧೬೧೦ರಲ್ಲಿ ಲಂಡನ್ನಿಗೆ ಬಂದಿತು. ೧೬೧೧ನೆಯ ನವೆಂಬರ್ ೧ರಂದು ಅರಸನ ಮುಂದೆ ‘ಟೆಂಪೆಸ್ಟ್’ ನಾಟಕವನ್ನು ಆಡಿದರು.

ಜೇಮ್ಸ್‌ಟೌನ್ ಇದ್ದ ನೆಲವು ಪೌಹಟನ್ ಎಂಬ ಮೂಲನಿವಾಸಿಗಳದು. ಅವರ ನಾಯಕನ ಮಗಳು ಪೋಕಹಾಂಟಸ್ ಒಬ್ಬ ಇಂಗ್ಲಿಷನನ್ನು ಮದುವೆಯಾಗಿ ಲಂಡನ್ನಿಗೆ ಬಂದಳು. ಹಿಂದಿರುಗುವ ಹಡಗನ್ನು ಹತ್ತಿ, ಇದೇ ನದಿಯ ಕೆಳಗಣ ಗ್ರೇವ್ಸೆಂಡ್ ಊರಿನಲ್ಲಿ ೧೬೧೭ರ ಮಾರ್ಚಿಯಲ್ಲಿ ಸತ್ತಳು. ವಯಸ್ಸು ಸುಮಾರು ೨೧. ಅಲ್ಲಿಯೇ ಮಣ್ಣುಮಾಡಿದರು.

ಸಂಜೆಯ ಉಬ್ಬರವು ಏರುತ್ತಿತ್ತು. ಕಲ್ಲುಬೆಂಚಿನ ಮೇಲೆ ಕುಳಿತು ಮೊಮ್ಮಗಳಿಗೆ ಆ ಹುಡುಗನ ಕಥೆಯನ್ನು ಹೇಳಿದೆನು. ಅವಳು ಎಲ್ಲವನ್ನೂ ಕೇಳಿ, “ಆ ಒಂದು ಮಾರ್ಕ್ಸ್ ಈಗಾದರೂ ಕೊಡಬಹುದಲ್ಲ ಅಜ್ಜಾ?” ಎಂದಳು. ಮಿಡ್ಲ್ ಟೆಂಪಲಿನಲ್ಲಿ ಕೊಂಡಿದ್ದ ಚಿತ್ರದ ಕಾರ್ಡಿನ ಹಿಂದೆ ಅಲ್ಲಿಯೇ ನಾಲ್ಕು ಸಾಲು ಬರೆದೆನು: ನಿನ್ನ ಉತ್ತರ ಸರಿಯಿತ್ತು, ಮೂಲದಲ್ಲಿ ಹಾಗೆಯೇ ಇದೆ, ನಾನು ನೋಡಿರಲಿಲ್ಲ. ವಿಳಾಸ ಸಿಕ್ಕಿದ್ದು ಊರಿಗೆ ಬಂದ ಮೇಲೆ, ಹಳೆಯ ವಿದ್ಯಾರ್ಥಿಯೊಬ್ಬನಿಂದ. ಅವನು ಪುನರ್ವಸತಿಯ ಊರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವನಂತೆ. ಲಕೋಟೆಯಲ್ಲಿಟ್ಟು ಕಳುಹಿಸಿದೆನು.

ಹದಿನೈದು ದಿನಕ್ಕೆ ಉತ್ತರ ಬಂದಿತು. ಪರೀಕ್ಷೆಯ ಸಂಗತಿ ಅವನಿಗೆ ಮಸುಕಾಗಿ ನೆನಪಿದೆಯಂತೆ. ಆ ನಾಟಕದ ಕನ್ನಡ ಪುಸ್ತಕ ಎಲ್ಲಿ ಸಿಕ್ಕುವುದೆಂದು ಕೇಳಿರುವನು. ಕೆಳಗೆ ಹೀಗೆ ಬರೆದಿರುವನು: “ಗುರುಗಳೇ, ಬ್ಯಾಸಿಗ್ಯಾಗ ನೀರು ಇಳಿದಾಗ ನಮ್ಮ ಹಳೇ ಊರಿನ ಹಣಮಪ್ಪನ ಗುಡಿ ಕಟ್ಟಿ ಕಾಣತದ. ನಮ್ಮ ಮನಿ ಅದರ ಎಡಕ್ಕ ಇತ್ತು. ಬಂದರ ತೋರಸ್ತೀನಿ.”

ಮೇ ತಿಂಗಳಲ್ಲಿ ಮೊಮ್ಮಗಳು ಶಾಲೆಯ ರಜೆಗೆ ಬರುವಳು. ಅವಳನ್ನೂ ಕರೆದುಕೊಂಡು ಬರುವೆನೆಂದು ಬರೆದು ಹಾಕಿದ್ದೇನೆ.